ಅಪ್‌ಡೇಟ್: ಕ್ಯಾಮರೋದ ಹಿಂದಿನ ಕುಣಿತ ನಿಂತಿತು

ನನ್ನ 1967ರ ಶೆವರ್ಲೆ ಕ್ಯಾಮರೋ ಕಾರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂದಿನ ಚಕ್ರಗಳು ದಡದಡ ಕುಣಿಯುತ್ತವೆ, ಆಕ್ಸಲನ್ನು ನಾಲ್ಕು ಸರಳುಗಳಿಂದ ಹಿಡಿದಿಡುವ ಫೋರ್-ಲಿಂಕ್ ಕಿಟ್ ಹಾಕಿಸಲಾ ಅಂತ ಕೇಳಿದ್ದೆನಲ್ಲ? ಹಾಕಿಸಲಿಲ್ಲ. ನಾನು ನೋಡಿದ್ದ ಕಿಟ್‌ಗೆ ವೆಲ್ಡಿಂಗ್ ಬೇಕಿತ್ತು, ಹಳೇ ಬಾಡಿ ಮುಟ್ಟಲು ಮನಸ್ಸು ಬರಲಿಲ್ಲ.

ನೀವು ಹೇಳಿದಂತೆ ತೊಂದರೆ ಇದ್ದದ್ದು ಒಂದೇ ಎಲೆಯ, ಅಂದರೆ ಒಂದೇ ಉಕ್ಕಿನ ಪಟ್ಟಿಯ, ಲೀಫ್ ಸ್ಪ್ರಿಂಗ್‌ನಲ್ಲೇ. ಎಂಜಿನ್ ಜೋರಿಗೆ ಆಕ್ಸಲ್ ತಿರುಚಿದಾಗ ಪಟ್ಟಿ ಎಸ್ ಆಕಾರಕ್ಕೆ ಬಾಗುತ್ತದೆ. ಟೈರ್ ಹಿಡಿತ ತಪ್ಪಿದ ಕೂಡಲೇ ಚಿಮ್ಮಿ ನೆಟ್ಟಗಾಗುತ್ತದೆ, ಮತ್ತೆ ಬಾಗುತ್ತದೆ. 1968ರಲ್ಲಿ ಶೆವರ್ಲೆಯೇ ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲ್ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿತು. ಕಾರಣ ಇದೇ ಕುಣಿತ.

ನಾನು ಹಲವು ಎಲೆಗಳ ಸ್ಪ್ರಿಂಗ್, ಹೊಸ ಗ್ಯಾಸ್ ಶಾಕ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು-ಬೋಲ್ಟ್ ಹಾಕಿದೆ. ಸ್ಪ್ರಿಂಗ್ ಕೆಳಗಿನ ಪ್ಲೇಟೂ ಬೇರೆಯೇ ಬೇಕು, ನೆನಪಿರಲಿ. ಸ್ಪ್ರಿಂಗಿನ ತುದಿಗಳಲ್ಲಿ ಕೂರುವ ಬುಷ್ ಮಾತ್ರ ರಬ್ಬರಿನದ್ದೇ. ಪಾಲಿಯುರೆಥೇನ್ ಕಿರುಗುಟ್ಟೋದು ಜಾಸ್ತಿ, ಸುಮ್ನೆ ಯಾಕೆ ತಲೆನೋವು ಅಲ್ವಾ? ಬುಷ್ ಬೋಲ್ಟುಗಳನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಪೂರ್ತಿ ಬಿಗಿ ಮಾಡಿದೆ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಈಗ ಕುಣಿತವಿಲ್ಲ. ಸವಾರಿ ಸ್ವಲ್ಪ ಗಡುಸು, ಹಿಂಭಾಗ ಚೂರು ಎತ್ತರ. ಎತ್ತರ ಬದಲಾಗಿದ್ದರಿಂದ ಪಿನಿಯನ್ ಕೋನ (ಡ್ರೈವ್‌ಶಾಫ್ಟ್ ಆಕ್ಸಲ್‌ಗೆ ಸೇರುವ ಕಡೆಯ ಕೋನ) ಅಳೆಯೋದು ಬಾಕಿ ಇದೆ. ಹೈವೇ ವೇಗದಲ್ಲಿ ಸಣ್ಣ ಕಂಪನ ಬರುತ್ತಿದೆ, ಅದಕ್ಕೇ ಇರಬಹುದು.