ಮಾರುತಿ 800ರಲ್ಲಿ ಬರ್ನ್‌ಔಟ್: ಸುಟ್ಟ ವಾಸನೆ ಯಾಕೆ?

ಪ್ರಶ್ನೆ (ಕಲಬುರಗಿಯಿಂದ): ಅಪ್ಪನ ಹಳೇ ಮಾರುತಿ 800 ಇದೆ. ಬರ್ನ್‌ಔಟ್ (ಗಾಡಿ ನಿಂತಲ್ಲೇ ಟೈರ್ ಗಿರಗಿರ ಸುತ್ತಿಸಿ ಹೊಗೆ ಎಬ್ಬಿಸೋದು) ಮಾಡೋಣ ಅಂತ ಹೊಲದ ಹತ್ತಿರ ನಮ್ಮದೇ ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ನಿಧಾನವಾಗಿ ಬಿಟ್ಟೆ. ಟೈರ್ ಸುತ್ತಲಿಲ್ಲ, ಸುಟ್ಟ ವಾಸನೆ ಮಾತ್ರ ಬಂತು. ಎಲ್ಲಿ ತಪ್ಪಿದೆ ಅಣ್ಣಾ?

ಉತ್ತರ: ತಮ್ಮಾ, ಅದು ಟೈರ್ ವಾಸನೆ ಅಲ್ಲ, ಕ್ಲಚ್ ಪ್ಲೇಟಿನದು. ಅರ್ಧ ಕ್ಲಚ್‌ನಲ್ಲಿ ಪ್ಲೇಟ್ ಜಾರುತ್ತಾ ಬಿಸಿಯಾಗುತ್ತದೆ. 796 ಸಿಸಿ ಇಂಜಿನ್ ಒಣ ನೆಲದಲ್ಲಿ ಟೈರ್ ಜಾರಿಸುವುದು ಕಷ್ಟ. ನಾನು ಮಾಡಿದ್ದು ನಮ್ಮ ಅಂಗಳದ ಶಹಾಬಾದ್ ಕಲ್ಲಿನ ಮೇಲೆ, ನಾಲ್ಕು ಕೊಡ ನೀರು ಸುರಿದು. ಮೊದಲ ಗೇರ್, ಕ್ಲಚ್ ಪಟಕ್ಕನೆ ಪೂರ್ತಿ ಬಿಡಬೇಕು. ಸ್ಟೀರಿಂಗ್ ನೇರ ಇರಲಿ, ಇಲ್ಲದಿದ್ದರೆ ಆಕ್ಸಲ್ ಜಾಯಿಂಟ್ ಕಟಕಟ ಅನ್ನುತ್ತದೆ. ಒಂದೇ ಗಾಲಿ ಸುತ್ತಿದರೆ ಡಿಫರೆನ್ಷಿಯಲ್‌ಗೆ (ಇಂಜಿನ್ ಶಕ್ತಿಯನ್ನು ಎರಡೂ ಗಾಲಿಗೆ ಹಂಚುವ ಗೇರ್‌ಗಳಿಗೆ) ಭಾರ, ಅದಕ್ಕೇ ಮೂರು ಸೆಕೆಂಡ್ ಸಾಕು. ಮುಂದೆ ಯಾರೂ ನಿಲ್ಲಬಾರದು. ನೀರಿನಲ್ಲಿ ಹೊಗೆ ಜಾಸ್ತಿ ಬರಲ್ಲ, ಬೇಜಾರಾಗಬೇಡ. ಏನೂ ಸವೆಯಬಾರದು ಅಂದ್ರೆ ಮಾಡದೇ ಇರಬೇಕು ಅಷ್ಟೇ!

ಇನ್ನೊಬ್ಬರು: ಅಂಬಾಸಿಡರ್ ಇದ್ದವರು ಇದನ್ನು ಮಾಡಬೇಡಿ. 800ರಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಗಾಲಿ, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನದು. ಅಂಬಾಸಿಡರ್‌ನಲ್ಲಿ ಇಂಜಿನ್ ತಿರುಗಿಸುವುದೂ ಹಿಂದಿನ ಗಾಲಿ, ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಅದೇ ಗಾಲಿ. ಸುಮ್ನೆ ಜಗಳ.

ಕೇಳಿದವನು: ಥ್ಯಾಂಕ್ಸ್ ಅಣ್ಣಾ. ವಾಸನೆ ಅಪ್ಪನಿಗೂ ಗೊತ್ತಾಗಿದೆ. ಕೀಲಿ ಈಗ ಅವರ ಜೇಬಲ್ಲಿದೆ.