ಒಣ ಸೀಮೆಯ ಹಣ್ಣಿನ ತೋಟ: ಸಾಲುಗಳ ನಡುವೆ ಧಾನ್ಯ ಬಿತ್ತಬಹುದಾ?

ಕೇಳಿದವರು: ಮಳೆ ಕಡಿಮೆ ಇರುವ ಜಾಗ. ಗಿಡ ನೆಟ್ಟು ಇದು ಮೂರನೇ ವರ್ಷ. ಎಲೆ ಉದುರಿಸುವ ಜಾತಿಯೂ ಇದೆ, ವರ್ಷವಿಡೀ ಹಸಿರಾಗಿರುವುದೂ ಇದೆ. ಸಾಲಿನಿಂದ ಸಾಲಿಗೆ 6 ಮೀಟರ್. ನಡುವೆ ಸುಮ್ನೆ ಕಳೆ ಬೆಳೆಯುತ್ತಿದೆ. ಧಾನ್ಯ ಬಿತ್ತಿದರೆ ಗಿಡ ಸೊರಗುತ್ತದಾ? ಮಾಡಿ ನೋಡಿದವರು ಹೇಳಿ.

ಬಾದಾಮಿ ಬೆಳೆಯುವವರು: ಬಿತ್ತಿ. ಆದರೆ ಜಾಗ ಅಳೆಯುವ ಮೊದಲು ನಿಮ್ಮ ಗಿಡ ಯಾವ ತಿಂಗಳಲ್ಲಿ ಜಾಸ್ತಿ ನೀರು ಕುಡಿಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಗಿಡ, ಧಾನ್ಯ ಎರಡೂ ಒಂದೇ ಹೊತ್ತಿಗೆ ತೇವ ಕೇಳಿದರೆ ಸೋಲುವುದು ಎಳೆ ಗಿಡವೇ.

ಬಾದಾಮಿ, ಅಂಜೂರ, ಅಕ್ರೋಟ್ ಚಳಿಯಲ್ಲಿ ಎಲೆ ಉದುರಿಸಿ ಮಲಗುತ್ತವೆ. ಆಗ ನೆಲಕ್ಕೆ ಬಿಸಿಲು ಪೂರ್ತಿ ಬೀಳುತ್ತದೆ. ಚಳಿಗಾಲದಲ್ಲಿ ಮಳೆ ಬೀಳುವ ಕಡೆ ಬಾರ್ಲಿಗೆ ಇದು ಹೇಳಿ ಮಾಡಿಸಿದ ಸಮಯ. ಗೋಧಿಗಿಂತ ಬೇಗ ಮಾಗುತ್ತದೆ, ಬರ ತಡೆಯುತ್ತದೆ, ಸ್ವಲ್ಪ ಸವಳು ಮಣ್ಣನ್ನೂ ಸಹಿಸುತ್ತದೆ. ಮರ ಚಿಗುರಿದ ಮೇಲೆ ಕೆಲವು ವಾರ ಪೈಪೋಟಿ ಇದ್ದೇ ಇರುತ್ತದೆ. ಬೇಸಿಗೆ ಬಲಿಯುವಷ್ಟರಲ್ಲಿ ಬಾರ್ಲಿಯ ಕೆಲಸ ಮುಗಿದಿರುತ್ತದೆ.

ಫ್ರಾನ್ಸ್‌ನ ಮೊಂಪೆಲಿಯೆ ಹತ್ತಿರದ ರೆಸ್ಟಿಂಕ್ಲಿಯೇರ್‌ನಲ್ಲಿ 1995ರಲ್ಲಿ ಮರಮುಟ್ಟಿಗೆಂದು ಅಕ್ರೋಟ್ ನೆಟ್ಟು, ನಡುವೆ ಗೋಧಿ ಬೆಳೆಯುತ್ತಾ ಬಂದಿದ್ದಾರೆ. ಗೋಧಿ ಮೇಲ್ಮಣ್ಣಿನ ನೀರು ಹೀರುತ್ತಿದ್ದರಿಂದ ಅಕ್ರೋಟ್ ಬೇರು ಇನ್ನಷ್ಟು ಆಳಕ್ಕೆ ಇಳಿದದ್ದು ಅಲ್ಲಿ ಕಂಡಿದೆ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಎಳೆ ವಯಸ್ಸಿನಿಂದಲೇ ಪಕ್ಕದಲ್ಲಿ ಬೆಳೆ ಇದ್ದರೆ ಬೇರು ಕೆಳಗಿನ ದಾರಿ ಹುಡುಕಿಕೊಳ್ಳುತ್ತದೆ. ಹಳೇ ತೋಟದಲ್ಲಿ ದಿಢೀರಂತ ಉತ್ತರೆ ಮೇಲಿನ ಬೇರೆಲ್ಲ ಕತ್ತರಿಸಿ ಹೋಗುತ್ತದೆ. ಕೆಳಗೆ ಬಂಡೆ ಇರುವ ತೆಳು ಮಣ್ಣಾದರೆ ಈ ಲೆಕ್ಕ ನಡೆಯುವುದಿಲ್ಲ, ಮೊದಲು ಗುಂಡಿ ತೋಡಿ ನೋಡಿ.

ಕೇಳಿದವರು: ಬುಡದಿಂದ ಎಷ್ಟು ದೂರ ಬಿಡಬೇಕು?

ಬಾದಾಮಿ ಬೆಳೆಯುವವರು: ಈ ವಯಸ್ಸಿಗೆ ಎರಡೂ ಕಡೆ ಕನಿಷ್ಠ 1 ಮೀಟರ್. ಅಲ್ಲಿ ಕಳೆಯೂ ಬೇಡ. ನಿಮಗೆ 4 ಮೀಟರ್ ಪಟ್ಟಿ ಉಳಿಯುತ್ತದೆ. ಮರ ಹರಡಿದಂತೆ ಪಟ್ಟಿಯನ್ನು ಕಿರಿದು ಮಾಡುತ್ತಾ ಹೋಗಿ. ಹನಿ ನೀರು ಗಿಡದ ಬುಡಕ್ಕೆ ಮಾತ್ರ ಇರಲಿ. ಪಟ್ಟಿಯ ಅಗಲ ನಿಮ್ಮ ಕೂರಿಗೆಯ ಅಗಲಕ್ಕೆ ಹೊಂದಬೇಕು, ಇಲ್ಲದಿದ್ದರೆ ತಿರುಗಿಸುವಾಗ ಕೊಂಬೆ ಮುರಿಯುತ್ತದೆ.

ನವಣೆ ಬಿತ್ತುವವರು: ಮೇಲಿನದು ಚಳಿಗಾಲದ ಮಳೆಗೆ ಸರಿ. ನಿಮ್ಮಲ್ಲಿ ಮಳೆ ಬಿಸಿಲುಗಾಲಕ್ಕೆ ಬರುವುದಾದರೆ ಕಥೆ ಬೇರೆ. ಮಾವು, ಆಲಿವ್‌ನಂಥ ಹಸಿರು ಮರಗಳು ಆಗಲೂ ಎಲೆ ತುಂಬಿಕೊಂಡು ನೀರು ಕುಡಿಯುತ್ತಿರುತ್ತವೆ. ಹಾಗಾಗಿ ಗಿಡ್ಡ, ಬೇಗ ಮುಗಿಯುವ ಬೆಳೆ ಬೇಕು. ಬರಗು 60–75 ದಿನಕ್ಕೆ ಕೊಯ್ಲಿಗೆ ಬರುತ್ತದೆ. ನವಣೆ ಇನ್ನೂ ಸ್ವಲ್ಪ ದಿನ ಕೇಳುತ್ತದೆ. ಎತ್ತರದ ಜೋಳ ಎಳೆ ಗಿಡಗಳ ನಡುವೆ ಬೇಡವೇ ಬೇಡ. ಬೇರೂ ಆಳ, ನೆರಳೂ ಜಾಸ್ತಿ. ಬೀಜ ತೆಳ್ಳಗೆ ಬಿತ್ತಿ. ವರ್ಷ ಬಿಟ್ಟು ವರ್ಷ ಅಲಸಂದೆ ಅಥವಾ ಹುರುಳಿ ಹಾಕಿದರೆ ಧಾನ್ಯ ಹೀರಿದ ಸಾರಜನಕ ಸ್ವಲ್ಪವಾದರೂ ವಾಪಸ್ ಬರುತ್ತದೆ.

ಸಾಲು ಉತ್ತರ-ದಕ್ಷಿಣವಾಗಿದ್ದರೆ ನೆರಳು ಎರಡೂ ಕಡೆ ಹಂಚಿಹೋಗುತ್ತದೆ. ಇಳಿಜಾರು ಇದ್ದರೆ ಮಾತ್ರ ದಿಕ್ಕು ಮರೆತು ಅಡ್ಡಕ್ಕೆ ಬಿತ್ತಿ, ಮಳೆನೀರು ನಿಲ್ಲಲಿ.

ಹಸು ಸಾಕುವವರು: ಮಳೆ ಕೈಕೊಟ್ಟರೆ ಏನು ಅಂತ ಯಾರೂ ಹೇಳಲಿಲ್ಲ. ತೆನೆ ಬರುವ ಮುಂಚೆಯೇ ತೀರ್ಮಾನ ಮಾಡಿ. ಮಣ್ಣು ಕೈಯಲ್ಲಿ ಉಂಡೆ ಕಟ್ಟದಷ್ಟು ಒಣಗಿದ್ದರೆ ಹಸಿರಿರುವಾಗಲೇ ಕೊಯ್ದು ಮೇವು ಮಾಡಿಕೊಳ್ಳಿ. ನಿಂತ ಬೆಳೆ ಕೊನೇ ಹನಿಯನ್ನೂ ಎಳೆಯುತ್ತದೆ, ಕಾಳೂ ಜೊಳ್ಳಾಗುತ್ತದೆ. ಒಂದು ವರ್ಷದ ಧಾನ್ಯ ಹೋದರೆ ಹೋಗಲಿ, ಗಿಡ ಉಳಿಯಬೇಕು ಅಲ್ವಾ? ಒಂದು ಎಚ್ಚರಿಕೆ: ಬರಕ್ಕೆ ಬಾಡಿದ ಎಳೆ ಜೋಳ, ಅದರ ಕೂಳೆ ಚಿಗುರು ದನಕ್ಕೆ ಹಾಕಬೇಡಿ. ಅದರಲ್ಲಿ ಸಯನೈಡ್ ವಿಷ ಇರುತ್ತದೆ, ದನ ಸಾಯಬಹುದು. ಸಜ್ಜೆಯಲ್ಲಿ ಆ ವಿಷ ಇಲ್ಲ.

ನವಣೆ ಬಿತ್ತುವವರು: ಇದು ಒಳ್ಳೇ ಮಾತು. ಇನ್ನೊಂದು ಸೇರಿಸುತ್ತೇನೆ. ಕೊಯ್ದ ಮೇಲೆ ಕೂಳೆಗೆ ಬೆಂಕಿ ಇಡಬೇಡಿ, ತೊಗಟೆ ಸುಟ್ಟು ಗಿಡವೇ ಹೋಗುತ್ತದೆ. ಹುಲ್ಲನ್ನು ಪಾತಿಗೆ ಹೊದಿಸಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಗೆದ್ದಲು ಮತ್ತು ಇಲಿ ಅಲ್ಲಿಂದಲೇ ಶುರುವಾಗುತ್ತವೆ.