ಮ್ಯಾಟ್ರಿಕ್ಸ್ ಗುಣಾಕಾರದಿಂದ ಭಾಷೆಗಳ ವೇಗವನ್ನು ಅಳೆಯಬಹುದೇ?

ಪ್ರಶ್ನೆ (ಮಂಜೇಶ್ವರ):
ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪೈಥಾನ್ ಕಲಿತು ಪದವಿ ತರಗತಿಗೆ ಬಂದಿರುವ ನನ್ನ ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಾಗಿ, 1000 × 1000 ಗಾತ್ರದ ಎರಡು ಮ್ಯಾಟ್ರಿಕ್ಸ್‌ಗಳನ್ನು ಮೂರು ಲೂಪ್‌ಗಳಿಂದ ಗುಣಿಸುವ ಪ್ರೋಗ್ರಾಮನ್ನು ಸಿ, ಫೋರ್ಟ್ರಾನ್ ಮತ್ತು ಪೈಥಾನ್‌ಗಳಲ್ಲಿ ಬರೆದೆ. ಪೈಥಾನ್ ತೀರಾ ಹಿಂದೆ ಬಿತ್ತು. ಆದರೆ ನಂಪೈ ಎಂಬ ಪೈಥಾನ್ ಲೆಕ್ಕದ ಲೈಬ್ರರಿಯನ್ನು ಬಳಸಿದಾಗ ಅದೇ ಪೈಥಾನ್ ನನ್ನ ಸಿ ಪ್ರೋಗ್ರಾಮನ್ನೂ ಮೀರಿಸಿತು. ವೇಗದ ಭಾಷೆ ಯಾವುದೆಂದು ಅವರಿಗೆ ಹೇಳಲಿ?

ಉತ್ತರ (ಬದಿಯಡ್ಕ):
ನಂಪೈಯಲ್ಲಿ ಗುಣಾಕಾರ ಮಾಡುವುದು ಪೈಥಾನ್ ಅಲ್ಲ, ಬ್ಲಾಸ್ ಎಂಬ ಲೈಬ್ರರಿ. ಅದರ ಒಳಭಾಗ ಸಿ, ಫೋರ್ಟ್ರಾನ್ ಅಥವಾ ಅಸೆಂಬ್ಲಿಯಲ್ಲಿರುತ್ತದೆ. ಈ ಲೆಕ್ಕಕ್ಕೆ ಸುಮಾರು 200 ಕೋಟಿ ಕೂಡುವ ಮತ್ತು ಗುಣಿಸುವ ಕ್ರಿಯೆಗಳು ಬೇಕು. ಒಂದೊಂದು ಮ್ಯಾಟ್ರಿಕ್ಸ್ 80 ಲಕ್ಷ ಬೈಟ್ ಹಿಡಿಯುವುದರಿಂದ, ನಿಮ್ಮ ಲೂಪ್‌ಗಳಲ್ಲಿ ಪ್ರೊಸೆಸರಿಗಿಂತ ಹೆಚ್ಚಾಗಿ ಮೆಮೊರಿಯೇ ಕೆಲಸವನ್ನು ತಡೆಯುತ್ತದೆ. ಬ್ಲಾಸ್ ಮ್ಯಾಟ್ರಿಕ್ಸನ್ನು ಕ್ಯಾಶೆಯಲ್ಲಿ (ಪ್ರೊಸೆಸರಿಗೆ ಹತ್ತಿರದ ಚಿಕ್ಕ, ವೇಗದ ಮೆಮೊರಿಯಲ್ಲಿ) ಹಿಡಿಸುವಷ್ಟು ತುಂಡುಗಳಾಗಿ ಒಡೆದು, ತಂದ ಸಂಖ್ಯೆಯನ್ನು ಮತ್ತೆ ಮತ್ತೆ ಬಳಸುತ್ತದೆ. ಲೂಪ್‌ಗಳ ಕ್ರಮವನ್ನೂ ಗಮನಿಸಿ: ಸಿ ಸಾಲುಸಾಲಾಗಿಯೂ ಫೋರ್ಟ್ರಾನ್ ಕಂಬಸಾಲಾಗಿಯೂ ಸಂಖ್ಯೆಗಳನ್ನು ಇಡುವುದರಿಂದ, ಅತ್ಯಂತ ಒಳಗಿನ ಲೂಪ್ ಸಿಯಲ್ಲಿ ಕಂಬಸಾಲಿನ ಸೂಚ್ಯಂಕದ ಮೇಲೆ, ಫೋರ್ಟ್ರಾನ್‌ನಲ್ಲಿ ಸಾಲಿನ ಸೂಚ್ಯಂಕದ ಮೇಲೆ ಓಡಬೇಕು. ಒಂದೇ ಕ್ರಮವನ್ನು ಎರಡಕ್ಕೂ ನಕಲು ಮಾಡಿದರೆ ಒಂದಕ್ಕಾದರೂ ಅನ್ಯಾಯವಾಗುತ್ತದೆ.

ಉತ್ತರ (ಕುಂಬಳೆ):
ಕಂಪೈಲರ್ (ಬರಹವನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಬರಹವನ್ನು ಎಷ್ಟು ಚುರುಕುಗೊಳಿಸಿತು ಎಂಬ ಆಪ್ಟಿಮೈಸೇಶನ್ ಮಟ್ಟವನ್ನು ಬರೆಯದ ಫಲಿತಾಂಶಕ್ಕೆ ಬೆಲೆಯಿಲ್ಲ. ಗುಣಲಬ್ಧವನ್ನು ಎಲ್ಲಿಯೂ ಬಳಸದಿದ್ದರೆ ಜಾಣ ಕಂಪೈಲರ್ ಇಡೀ ಲೂಪನ್ನೇ ತೆಗೆದುಹಾಕಬಹುದು. ಆದ್ದರಿಂದ ಉತ್ತರದ ಮೊತ್ತವನ್ನಾದರೂ ಮುದ್ರಿಸಿ. ಬ್ಲಾಸ್ ಏಕಕಾಲದಲ್ಲಿ ಓಡುವ ಅನೇಕ ಥ್ರೆಡ್‌ಗಳನ್ನು ಬಳಸುವುದುಂಟು. ಹೋಲಿಕೆಗಾಗಿ ಅದನ್ನು ಒಂದಕ್ಕೆ ಕಟ್ಟಿಹಾಕಿ. ಜೂಲಿಯಾ ಭಾಷೆಯನ್ನು ಸೇರಿಸುವುದಾದರೆ ಮೊದಲ ಓಟವನ್ನು ಎಣಿಸಬೇಡಿ, ಏಕೆಂದರೆ ಅದರಲ್ಲಿ ಕಂಪೈಲ್ ಮಾಡುವ ಸಮಯವೂ ಸೇರಿರುತ್ತದೆ. ಸಮೀಕರಣಗಳನ್ನು ಬಿಡಿಸುವ ವೇಗವನ್ನು ತೋರಿಸುವ, 1979ರಲ್ಲಿ ಮೊದಲು ಪ್ರಕಟವಾದ ಲಿನ್‌ಪ್ಯಾಕ್ ಪಟ್ಟಿಯೂ ಯಂತ್ರಗಳನ್ನು ಹೋಲಿಸಿತೇ ಹೊರತು ಭಾಷೆಗಳನ್ನಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಭಾಷೆಯ ವ್ಯತ್ಯಾಸ ನಿಜವಾಗಿ ಕಾಣುವುದು ಯಾವ ಲೆಕ್ಕದಲ್ಲಿ?

ಉತ್ತರ (ಬದಿಯಡ್ಕ):
ಹಿಂದಿನ ಹೆಜ್ಜೆಯ ಉತ್ತರವಿಲ್ಲದೆ ಮುಂದಿನ ಹೆಜ್ಜೆ ಇಡಲಾಗದ ಲೆಕ್ಕದಲ್ಲಿ. ಲಾಜಿಸ್ಟಿಕ್ ಮ್ಯಾಪ್ ಎಂಬ ಸೂತ್ರವನ್ನು ತೆಗೆದುಕೊಳ್ಳಿ (r ಒಂದು ಸ್ಥಿರ ಸಂಖ್ಯೆ): x ಅನ್ನು r·x·(1−x) ನಿಂದ ಬದಲಿಸುತ್ತಾ ಒಂದು ಕೋಟಿ ಸಲ ಸಾಗಬೇಕು. ಒಂದೇ x ನ ಈ ಸರಣಿಯಲ್ಲಿ ನಂಪೈಗೆ ಒಟ್ಟಿಗೆ ಮಾಡಿಮುಗಿಸುವ ಅವಕಾಶವಿಲ್ಲ. ಪೈಥಾನ್‌ನಲ್ಲಿ ಪ್ರತಿಯೊಂದು ಸಂಖ್ಯೆಯೂ ಒಂದು ಆಬ್ಜೆಕ್ಟ್ ಆಗಿರುವುದರಿಂದ, ಪ್ರತಿ ಗುಣಾಕಾರದಲ್ಲೂ ಅದರ ಬಗೆಯನ್ನು ಪರೀಕ್ಷಿಸಿ ಹೊಸ ಆಬ್ಜೆಕ್ಟ್ ಸೃಷ್ಟಿಸಬೇಕಾಗುತ್ತದೆ. ಸಿಯಲ್ಲಿ ಅದು ಪ್ರೊಸೆಸರಿನ ಸ್ವಂತ ಜಾಗವಾದ ರಿಜಿಸ್ಟರಿನೊಳಗಿನ ಒಂದೆರಡು ಆದೇಶಗಳಷ್ಟೆ. ವಿದ್ಯಾರ್ಥಿಗಳ ಮುಂದೆ ಎರಡೂ ಲೆಕ್ಕಗಳನ್ನು ಇಡಿ, ಮತ್ತು ಎರಡನೆಯದಕ್ಕೆ ನಂಬಾ ಎಂಬ ಪೈಥಾನ್ ಕಂಪೈಲರಿನ ಒಂದು ಸಾಲನ್ನು ಸೇರಿಸಿ ಓಡಿಸಿ. ಅದೇ ಪೈಥಾನ್ ಬರಹ ಯಂತ್ರಭಾಷೆಯಾಗಿ ಸಿಯ ಸಮೀಪಕ್ಕೆ ಬರುವುದನ್ನು ಕಂಡಾಗ, ತಾವು ಅಳೆಯುತ್ತಿರುವುದು ಭಾಷೆಯನ್ನೋ ಅದನ್ನು ಓಡಿಸುವ ವ್ಯವಸ್ಥೆಯನ್ನೋ ಎಂದು ಅವರೇ ಕೇಳುತ್ತಾರೆ.